ಸಂಪಾದಕರ ಉತ್ತರ: ಓಡಿಹೋಗುವವನ ನಂಬಿಕೆ

ಉತ್ತರ ಕರ್ನಾಟಕದ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂಬ ವಿನಂತಿಯೊಡನೆ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರು ಕಟ್ಟಡದ ಗುತ್ತಿಗೆದಾರರೊಬ್ಬರ ಉಗ್ರಾಣದಲ್ಲಿ ಲೆಕ್ಕ ನೋಡಿಕೊಳ್ಳುವವರು. ಬಾರದ ಸಿಮೆಂಟ್ ಚೀಲಗಳನ್ನು ಬಂದಿವೆಯೆಂದು ದಾಸ್ತಾನು ಪುಸ್ತಕದಲ್ಲಿ ಬರೆದು ಸಹಿ ಹಾಕಲು ಮೇಲಿನವರು ಹೇಳಿದಾಗ ಅವರು ಎರಡು ಸಲ ಒಪ್ಪಲಿಲ್ಲ. ಮೂರನೆಯ ಸಲ, ಮಗಳ ಶಾಲೆಯ ಶುಲ್ಕ ಕಟ್ಟಬೇಕಾಗಿದ್ದ ವಾರದಲ್ಲಿ, ಸಹಿ ಹಾಕಿದರು. ಮರುದಿನ ಅವರ ಮೇಜಿನ ಡ್ರಾಯರಿನಲ್ಲಿ ಒಂದು ಲಕೋಟೆ ಇತ್ತು. ಪತ್ರದ ಕೊನೆಯಲ್ಲಿ ಅವರು ಹೀಗೆ ಕೇಳುತ್ತಾರೆ: “ಅಂದಿನಿಂದ ಕರ್ತನ ಭೋಜನದ ಪಾತ್ರೆ ಹಿಡಿಯುವಾಗ ಕೈ ನಡುಗುತ್ತದೆ. ಅಲ್ಲಿಯೇ ಇದ್ದು ಉಪವಾಸ ಪ್ರಾರ್ಥನೆಯಿಂದ ಜಯಿಸಬೇಕು, ಬಿಟ್ಟು ಓಡುವುದು ಅಪನಂಬಿಕೆ ಎಂದು ನಮ್ಮ ಪ್ರಾರ್ಥನಾ ಕೂಟದ ಹಿರಿಯ ಸಹೋದರರು ಹೇಳುತ್ತಾರೆ. ಕೆಲಸ ಬಿಟ್ಟುಬಿಡಿ, ನುಚ್ಚು ಉಂಡಾದರೂ ಬದುಕೋಣ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಯಾರ ಮಾತು ದೇವರ ವಾಕ್ಯಕ್ಕೆ ಹತ್ತಿರವಾದುದು?”

ಪ್ರಿಯ ಸಹೋದರರೇ, ನಿಮ್ಮ ಪತ್ರವನ್ನು ಮೂರು ದಿನ ಮೇಜಿನ ಮೇಲೆ ಇಟ್ಟುಕೊಂಡು ಮತ್ತೆ ಮತ್ತೆ ಓದಿದೆ. ಹಿರಿಯ ಸಹೋದರರ ಮಾತಿಗೂ ವಾಕ್ಯದ ಆಧಾರವಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸೈತಾನನನ್ನು ಎದುರಿಸಿರಿ, ಅವನು ನಿಮ್ಮನ್ನು ಬಿಟ್ಟು ಓಡುವನು ಎಂದು ಯಾಕೋಬನು ಬರೆದಿದ್ದಾನೆ. ದಾನಿಯೇಲನು ಬಾಬೆಲಿನ ಅರಮನೆಯನ್ನು ಬಿಟ್ಟು ಹೋಗಲಿಲ್ಲ. ದುಷ್ಟ ಅರಸನಾದ ಅಹಾಬನ ಮನೆಯ ಉಸ್ತುವಾರಿ ನೋಡಿಕೊಳ್ಳುತ್ತಲೇ ಓಬದ್ಯನು ನೂರು ಮಂದಿ ಪ್ರವಾದಿಗಳನ್ನು ಗವಿಗಳಲ್ಲಿ ಅಡಗಿಸಿ ಸಾಕಿದನು. ಅಂಥ ಕರೆ ಕೆಲವರಿಗೆ ಇರುತ್ತದೆ.

ಆದರೆ ನಿಮ್ಮ ಮಡದಿಯವರ ಮಾತು ಓದಿದಾಗ ನನಗೆ ನನ್ನ ಅಜ್ಜ ನೆನಪಾದರು. ಅವರು ಮಂಗಳೂರಿನಲ್ಲಿ, ನೇತ್ರಾವತಿಯ ದಂಡೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಯೌವನದಲ್ಲಿ ಕುಡಿತಕ್ಕೆ ಬಿದ್ದು, ಮದುವೆಯಾದ ಮೇಲೆ ಬಿಟ್ಟವರು. ಕಾರ್ಖಾನೆಯಿಂದ ಮನೆಗೆ ಬರುವ ನೇರ ದಾರಿಯಲ್ಲಿ ಒಂದು ಗಡಂಗು ಇತ್ತು. ಸಂಬಳದ ಶನಿವಾರ ಅಜ್ಜ ಆ ದಾರಿ ಹಿಡಿಯುತ್ತಿರಲಿಲ್ಲ. ಹೊಳೆಯ ಬದಿಯ ಕೆಸರು ದಾರಿಯಲ್ಲಿ ಸುತ್ತು ಹಾಕಿ, ಧೋತ್ರ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಕತ್ತಲಾದ ಮೇಲೆ ಮನೆ ಸೇರುತ್ತಿದ್ದರು. ನಾನು ಹುಡುಗನಾಗಿದ್ದಾಗ ಅವರಿಗೆ ಕೆಲಸದಿಂದ ನಿವೃತ್ತಿಯಾಗಿತ್ತು. ಕುಡಿತ ಬಿಟ್ಟು ಮೂವತ್ತು ವರ್ಷ ದಾಟಿತ್ತು. ಆದರೂ ಪೇಟೆಗೆ ಹೋದರೆ ಅದೇ ಸುತ್ತು ದಾರಿ. ನನ್ನ ಕಾಲು ನೋಯುತ್ತದೆಂದು ಒಮ್ಮೆ ಹಠ ಹಿಡಿದಾಗ ಅವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೇಳಿದರು: “ಮಗಾ, ಆ ದಾರಿಯಲ್ಲಿ ಹೋದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ.” ದೇವರ ಮುಂದೆ ಮನುಷ್ಯನು ತನ್ನನ್ನು ಹೇಗೆ ತಿಳಿದುಕೊಂಡಿರಬೇಕೆಂದು ಅಷ್ಟು ಚೆನ್ನಾಗಿ ಹೇಳಿದ ಪ್ರಸಂಗವನ್ನು ನಾನು ಆಮೇಲೆ ಯಾವ ಪೀಠದಿಂದಲೂ ಕೇಳಿಲ್ಲ.

ವಾಕ್ಯವನ್ನು ತೆರೆದು ನೋಡಿ. ಒಡೆಯನಾದ ಪೋಟೀಫರನ ಹೆಂಡತಿ ವಸ್ತ್ರ ಹಿಡಿದೆಳೆದಾಗ ಯೋಸೇಫನು ಅಲ್ಲಿಯೇ ನಿಂತು ಜಯಿಸುತ್ತೇನೆಂದುಕೊಳ್ಳಲಿಲ್ಲ. ವಸ್ತ್ರವನ್ನು ಅವಳ ಕೈಯಲ್ಲೇ ಬಿಟ್ಟು ಓಡಿದನು, ಅದರಿಂದ ಸೆರೆಮನೆಗೂ ಹೋದನು. ಜಾರತ್ವಕ್ಕೂ ವಿಗ್ರಹಾರಾಧನೆಗೂ ದೂರವಾಗಿ ಓಡಬೇಕೆಂದು ಪೌಲನು ಕೊರಿಂಥದವರಿಗೆ ಬರೆದನು. ಯೌವನದ ಇಚ್ಛೆಗಳಿಂದ ಓಡಬೇಕೆಂದು ತಿಮೊಥೆಯನಿಗೆ ಬರೆದನು. ಹಣದಾಸೆ ಸಕಲ ವಿಧವಾದ ಕೆಟ್ಟತನಕ್ಕೆ ಬೇರು ಎಂದ ಮರುಮಾತಿನಲ್ಲೇ, ದೇವರ ಮನುಷ್ಯನಾದ ನೀನು ಇವುಗಳಿಂದ ಓಡು ಎಂದನು. ನಿಮಗೆ ಬಂದದ್ದು ಈ ಕೊನೆಯ ಶೋಧನೆಯೇ ಅಲ್ಲವೇ? ದೇವರು ನಂಬಿಗಸ್ತನು, ಶೋಧನೆಯೊಡನೆ ತಪ್ಪಿಸಿಕೊಳ್ಳುವ ಮಾರ್ಗವನ್ನೂ ಸಿದ್ಧಪಡಿಸುವನು ಎಂಬ ವಾಕ್ಯವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಓದಿ ಸಮಾಧಾನಪಡುವ ನಾವು, ಮಾರ್ಗವಿರುವುದು ನಡೆದು ಹೊರಗೆ ಹೋಗುವುದಕ್ಕೆ ಎಂಬುದನ್ನು ಮರೆಯುತ್ತೇವೆ.

ಮತ್ತಾಯನು ಬರೆದ ಅಡವಿಯ ಶೋಧನೆಯಲ್ಲಿ ಎರಡನೆಯದನ್ನು ನಿಮ್ಮ ಹಿರಿಯ ಸಹೋದರರೊಡನೆ ಕುಳಿತು ಓದಿರಿ. ದೇವಾಲಯದ ಶಿಖರದಿಂದ ಧುಮುಕು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎಂದು ಸೈತಾನನು ಕೀರ್ತನೆಯನ್ನೇ ಉದ್ಧರಿಸಿ ಹೇಳುತ್ತಾನೆ. ನಿನ್ನ ದೇವರನ್ನು ಪರೀಕ್ಷಿಸಬಾರದು ಎಂಬ ಧರ್ಮೋಪದೇಶಕಾಂಡದ ಮಾತಿನಿಂದ ಯೇಸು ಅವನ ಬಾಯಿ ಮುಚ್ಚಿಸಿದನು. ಮೂರು ಸಲ ಜಾರಲು ಕರೆದ ಜಾಗದಲ್ಲಿಯೇ ನಾಲ್ಕನೆಯ ಸಲವೂ ಹೋಗಿ ನಿಂತು, ದೇವರು ಹಿಡಿದುಕೊಳ್ಳಲಿ ಎನ್ನುವುದು ಆ ಶಿಖರದ ಅಂಚಿನ ಮಾತಿಗೆ ಬಹಳ ಹತ್ತಿರದ್ದು.

ಮೊದಲ ಕ್ರೈಸ್ತರಿಗೆ ಇದು ತಿಳಿದಿತ್ತು. ಎರಡನೆಯ ಶತಮಾನದಲ್ಲಿ, ರೋಮನ್ ಅಧಿಕಾರಿಗಳು ಕ್ರೈಸ್ತರನ್ನು ಹಿಂಸಿಸಿ ಕಾಡುಮೃಗಗಳಿಗೆ ಎಸೆಯುತ್ತಿದ್ದಾಗ, ಇಂದಿನ ಟರ್ಕಿಯಲ್ಲಿರುವ ಸ್ಮುರ್ನದ ಸಭೆ ತನ್ನ ಬಿಷಪ್ ಪಾಲಿಕಾರ್ಪನ ಮರಣವನ್ನು ಕುರಿತು ಬರೆದ ಪತ್ರದಲ್ಲಿ ಇಬ್ಬರನ್ನು ಅಕ್ಕಪಕ್ಕದಲ್ಲಿ ಇಟ್ಟು ತೋರಿಸಲಾಗಿದೆ. ಫ್ರುಗ್ಯದ ಕ್ವಿಂಟಸ್ ಎಂಬವನು ತಾನಾಗಿಯೇ ಅಧಿಕಾರಿಗಳ ಮುಂದೆ ಹೋಗಿ ನಿಂತನು, ಇತರರನ್ನೂ ಪ್ರೇರೇಪಿಸಿದನು. ಕಾಡುಮೃಗಗಳನ್ನು ಕಣ್ಣಾರೆ ಕಂಡಾಗ ಎದೆಗುಂದಿ ದೇವತೆಗಳಿಗೆ ಬಲಿ ಅರ್ಪಿಸಿದನು. ವೃದ್ಧನಾದ ಪಾಲಿಕಾರ್ಪನಾದರೋ ಸ್ನೇಹಿತರ ಮಾತಿಗೆ ಒಪ್ಪಿ ಊರ ಹೊರಗಿನ ಹೊಲಮನೆಗೆ ಸರಿದನು, ಅಲ್ಲಿಂದ ಇನ್ನೊಂದಕ್ಕೆ. ಕೊನೆಗೆ ಹಿಡಿಯಲು ಬಂದವರಿಗೆ ಊಟ ಬಡಿಸಲು ಹೇಳಿ, ಪ್ರಾರ್ಥನೆಗೆ ಒಂದು ಗಂಟೆ ಬೇಡಿಕೊಂಡು, ಬೆಂಕಿಯ ಮುಂದೆ ಅಲುಗದೆ ನಿಂತನು. ತಾವಾಗಿಯೇ ಮುನ್ನುಗ್ಗುವವರನ್ನು ನಾವು ಹೊಗಳುವುದಿಲ್ಲ ಎಂದು ಆ ಸಭೆ ಸ್ಪಷ್ಟವಾಗಿ ಬರೆದಿದೆ.

ಈಗ ನಿಮ್ಮ ಸಹಿಯ ವಿಷಯ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸನ ಆಜ್ಞೆಯಂತೆ, ದೇವತೆಗಳಿಗೆ ಬಲಿ ಕೊಟ್ಟಿದ್ದೇನೆ ಎಂಬ ದೃಢೀಕರಣ ಪತ್ರವನ್ನು ಪ್ರಜೆಗಳು ಅಧಿಕಾರಿಗಳಿಂದ ಪಡೆಯಬೇಕಾಯಿತು. ಪಪೈರಸ್ ಹಾಳೆಯ ಮೇಲೆ ಬರೆದ ಅಂಥ 40ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಬಲಿ ಕೊಟ್ಟೆ, ಪಾನದ್ರವ್ಯ ಸುರಿದೆ, ಬಲಿಯ ಮಾಂಸದ ರುಚಿ ನೋಡಿದೆ, ದಯವಿಟ್ಟು ಸಹಿ ಮಾಡಿಕೊಡಿ ಎಂಬ ಒಂದೇ ಒಕ್ಕಣೆ. ಕೆಲವು ಕ್ರೈಸ್ತರು ಬಲಿ ಕೊಡದೆಯೇ ಲಂಚ ಕೊಟ್ಟು ಆ ಕಾಗದ ಕೊಂಡುಕೊಂಡರು. ನಾವು ಕೈಯಿಂದ ಪಾಪ ಮಾಡಲಿಲ್ಲ, ಕಾಗದ ಮಾತ್ರ ತೆಗೆದುಕೊಂಡೆವು ಎಂದುಕೊಂಡರು. ಹಿಂಸೆ ಇಳಿದ ಮೇಲೆ ಅವರನ್ನು ಸಭೆಗೆ ಮತ್ತೆ ಸೇರಿಸಿಕೊಳ್ಳಲೇಬಾರದೆಂದು ರೋಮಿನಲ್ಲಿ ನೊವಾಟಿಯನ್ ಎಂಬ ಸಭಾಹಿರಿಯನು ಪಟ್ಟು ಹಿಡಿದನು. ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಕಾಗದವೂ ಪಾಪವೇ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿ, 251ರಲ್ಲಿ ಸೇರಿದ ಬಿಷಪರ ಸಭೆಯಲ್ಲಿ ಒಬ್ಬೊಬ್ಬರ ಸಂಗತಿಯನ್ನೂ ವಿಚಾರಿಸಿ, ಪಶ್ಚಾತ್ತಾಪಪಟ್ಟವರಿಗೆ ಬಾಗಿಲು ತೆರೆದನು. ಆ ಹಿಂಸೆಯ ಕಾಲದಲ್ಲಿ ಸಿಪ್ರಿಯನ್ ಸ್ವತಃ ಊರು ಬಿಟ್ಟು ಅಡಗಿದ್ದನು. ಹೇಡಿ ಎಂದು ಆಡಿಕೊಂಡವರಿದ್ದರು. ಅದೇ ಸಿಪ್ರಿಯನ್ 258ರಲ್ಲಿ ಕತ್ತಿಗೆ ತಲೆಯೊಡ್ಡಿದನು.

ಆದುದರಿಂದ ನಿಮ್ಮನ್ನು ಸ್ವಲ್ಪ ಗದರಿಸಬೇಕಾಗಿದೆ. “ಒಂದು ಸಹಿ ಮಾತ್ರ” ಎಂದು ಎರಡು ಕಡೆ ಬರೆದಿದ್ದೀರಿ. ಹಾಗೆ ಬರೆಯಬೇಡಿ. ಆ ಕೊರತೆಯ ಚೀಲಗಳು ಯಾರದೋ ಮನೆಯ ತಾರಸಿಯಲ್ಲಿ ಇರಬೇಕಾಗಿದ್ದವು. ಇನ್ನೊಂದು ಮಾತು: ಆ ಲಕೋಟೆಯ ವಿಷಯವನ್ನು ಮಡದಿಯವರಿಗೆ ಹನ್ನೊಂದು ದಿನಗಳ ನಂತರ ಹೇಳಿದಿರಂತೆ. ಬಿದ್ದದ್ದಕ್ಕಿಂತ ಆ ಹನ್ನೊಂದು ದಿನಗಳ ಮೌನ ನನ್ನನ್ನು ಹೆಚ್ಚು ನೋಯಿಸಿತು.

ಆದರೆ ಆ ಮೌನಕ್ಕೆ ನಮ್ಮ ಸಭೆಗಳೂ ಹೊಣೆ. ನಮ್ಮ ಸಾಕ್ಷಿಕೂಟಗಳಲ್ಲಿ ಏನು ಕೇಳುತ್ತೇವೆ? ಇಪ್ಪತ್ತು ವರ್ಷದ ಹಿಂದೆ ಕುಡಿಯುತ್ತಿದ್ದೆ, ಕರ್ತನು ಬಿಡಿಸಿದನು, ಸ್ತೋತ್ರ. ಹೋದ ಮಂಗಳವಾರ ಬಿದ್ದೆ, ಈ ಮಂಗಳವಾರ ಹೆದರಿಕೆಯಾಗುತ್ತಿದೆ ಎನ್ನುವವನಿಗೆ ಅಲ್ಲಿ ಮೈಕ್ ಸಿಗುವುದಿಲ್ಲ. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿರಿ ಎಂದು ಬರೆದವನೂ ಆ ಯಾಕೋಬನೇ. ಸೈತಾನನನ್ನು ಎದುರಿಸುವ ವಾಕ್ಯವನ್ನು ಬ್ಯಾನರಿನ ಮೇಲೆ ಬರೆಸುತ್ತೇವೆ; ಅರಿಕೆಯ ವಾಕ್ಯವನ್ನು ಓದಿ ಮುಂದೆ ಹೋಗುತ್ತೇವೆ.

ಇನ್ನೂ ದೊಡ್ಡ ದೂರು ಒಂದಿದೆ. ಕೆಲಸ ಬಿಡು ಎಂದು ಹೇಳುವ ನಾನು, ಬಿಟ್ಟವನ ಮನೆಯ ಒಲೆಗೆ ಏನು ಕೊಡುತ್ತೇನೆ? 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಾಗ ಕ್ರಿಸ್ತನನ್ನು ಹಿಂಬಾಲಿಸಿದವರಲ್ಲಿ ಅನೇಕರು ತಾಳೆ ಮತ್ತು ತೆಂಗಿನ ಮರವೇರಿ ಶೇಂದಿ ಇಳಿಸುವ ಮನೆತನದವರು. ಆ ಕಸುಬು ಬಿಡಬೇಕೆಂದು ಮಿಷನ್ ಹೇಳಿತು. ನಂಟರು ಮೊದಲೇ ಕೈಬಿಟ್ಟಿದ್ದರು. ಆಗ ನೇಯ್ಗೆಯ ಶಾಲೆಗಳು ಹುಟ್ಟಿದವು. 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ತೆರೆದನು. ಕೂಲಿಯನ್ನೂ ಸಭೆಯನ್ನೂ ಒಂದೇ ಕೈ ಹಿಡಿದಿದ್ದುದರಿಂದ ಆದ ತೊಂದರೆಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮರದಿಂದ ಇಳಿ ಎಂದವರು ಕೆಳಗೆ ನಿಲ್ಲಲು ನೆಲವನ್ನೂ ತೋರಿಸಿದರು. ನನ್ನ ಅಜ್ಜನ ಅಜ್ಜ ಹಾಗೆ ಇಳಿದವರಲ್ಲಿ ಒಬ್ಬರು. ಇಂದು ಕಂಪೌಂಡ್ ಗೋಡೆಗೂ ಧ್ವನಿವರ್ಧಕಗಳಿಗೂ ಕಾಣಿಕೆ ಎತ್ತುವ ನಾವು, ಸುಳ್ಳು ಲೆಕ್ಕ ಬರೆಯಲಾರೆನೆಂದು ಕೆಲಸ ಬಿಟ್ಟ ಒಬ್ಬ ತಂದೆಯ ಮಗಳ ಶುಲ್ಕಕ್ಕೆ ಎಂದಾದರೂ ಕಾಣಿಕೆ ಎತ್ತಿದ್ದೇವೆಯೇ? ಅವನಿಗೆ ಸಿಗುವುದು ಬೆನ್ನು ತಟ್ಟುವುದು ಮತ್ತು ಒಂದು ವಾಕ್ಯ. ಈ ಮಾತನ್ನು ಓದುವ ಸಭಾಪಾಲಕರು ದಯವಿಟ್ಟು ಮುಂದಿನ ಹಿರಿಯರ ಸಭೆಯಲ್ಲಿ ಇದನ್ನು ಮುಂದಿಡಲಿ.

ಕೊನೆಗೆ ನಿಮ್ಮ ಆ ಇನ್ನೊಂದು ಪ್ರಶ್ನೆ: ದೇವರು ನನ್ನನ್ನು ಶೋಧಿಸಿದನೋ, ಸೈತಾನನು ಮರುಳುಗೊಳಿಸಿದನೋ? ಸುವಾರ್ತೆಯ ಗ್ರೀಕಿನಲ್ಲಿ ಎರಡಕ್ಕೂ ಪೆಯ್ರಾಸ್ಮೊಸ್ ಎಂಬ ಒಂದೇ ಪದ. ನಮ್ಮ ಕನ್ನಡದ ಹಿರಿಯರು ಅದಕ್ಕೆ ಶೋಧನೆ ಎಂದರು. ಹಾಲನ್ನು ಬಟ್ಟೆಯಲ್ಲಿ ಶೋಧಿಸುವವರು ನಾವು. ಕಸ ಮೇಲೆ ಉಳಿದದ್ದು ಕಣ್ಣಿಗೆ ಕಾಣುತ್ತದೆ. ದೇವರು ಯಾರನ್ನೂ ಕೆಟ್ಟದ್ದಕ್ಕೆ ಪ್ರೇರೇಪಿಸುವುದಿಲ್ಲ ಎಂಬುದು ಯಾಕೋಬನ ಖಚಿತ ಮಾತು. ಆದರೆ ಬಟ್ಟೆಯ ಮೇಲೆ ಉಳಿದ ಕಸವನ್ನು ನೀವು ಈಗ ಕಂಡಿದ್ದೀರಿ, ಕಂಡದ್ದನ್ನು ನಾಲ್ಕು ಪುಟ ಬರೆದಿದ್ದೀರಿ. ಅಷ್ಟು ಮಾಡುವವರು ಕಡಿಮೆ.

ಮಾಡಬೇಕಾದದ್ದನ್ನು ಹೇಳುತ್ತೇನೆ. ಈ ಭಾನುವಾರ ಆರಾಧನೆಗೆ ಮೊದಲೇ ನಿಮ್ಮ ಸಭಾಪಾಲಕರನ್ನು ಮನೆಯಲ್ಲಿ ಕಂಡು ಎಲ್ಲವನ್ನೂ ತಿಳಿಸಿ. ಮಡದಿಯವರನ್ನೂ ಕರೆದುಕೊಂಡು ಹೋಗಿ. ಲಕೋಟೆಯ ಹಣ ಖರ್ಚಾಗಿದ್ದರೆ ಸಾಲ ಮಾಡಿಯಾದರೂ ಅಷ್ಟನ್ನು ಹೊಂದಿಸಿ. ಸುವಾರ್ತೆಯಲ್ಲಿ ಸುಂಕದವನಾದ ಜಕ್ಕಾಯನು, ಅನ್ಯಾಯವಾಗಿ ಪಡೆದದ್ದಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದನು. ಯಾರ ಕಟ್ಟಡವೋ ಅವರಿಗೆ ಸತ್ಯವನ್ನು ತಿಳಿಸುವ ರೀತಿ ಯಾವುದೆಂದು ಪಾಲಕರೊಡನೆ, ಕಾನೂನು ಬಲ್ಲವರೊಬ್ಬರೊಡನೆ ಕುಳಿತು ಯೋಚಿಸಿ. ಆಮೇಲೆ ರಾಜೀನಾಮೆ ಕೊಡಿ. ನಿಮ್ಮ ಜಿಲ್ಲೆಯಲ್ಲಿ ಅಂಗಡಿ, ಗೋದಾಮು, ಶಾಲೆ ನಡೆಸುವ ನಮ್ಮ ಚಂದಾದಾರರಲ್ಲಿ ನಾಲ್ವರಿಗೆ, ನಿಮ್ಮ ಹೆಸರು ಹೇಳದೆ, ಲೆಕ್ಕ ಬಲ್ಲ ಒಬ್ಬರು ಕೆಲಸ ಹುಡುಕುತ್ತಿದ್ದಾರೆಂದು ನಿನ್ನೆಯೇ ಪತ್ರ ಹಾಕಿದ್ದೇನೆ. ಅವರ ಉತ್ತರ ಬಂದ ಕೂಡಲೇ ನಿಮಗೆ ಕಳುಹಿಸುತ್ತೇನೆ. ನುಚ್ಚಿನ ಮಾತು ಆಡಿದ ಆ ತಾಯಿಗೆ ನನ್ನ ನಮಸ್ಕಾರ ತಿಳಿಸಿ.