ಬ್ಯಾಲೆನ್ಸ್ ಇದ್ರೂ ಡಬಲ್ ಟೋಲ್ ಯಾಕ್ ಕೊಡಬೇಕ್ರಿ?

ಈ ಸಲ ಓದುಗರು ಕಳಿಸಿದ ಪ್ರಶ್ನೆಯೊಳಗ ಅರ್ಧಕ್ಕಿಂತ ಹೆಚ್ಚು ಫಾಸ್ಟ್ಯಾಗಿನ ಬಗ್ಗೆನೇ ಅವ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಬಂದಾವ. ಒಂದೇ ನಮೂನಿ ಇದ್ದವನ್ನ ಕೂಡಿಸಿ ಉತ್ತರ ಕೊಟ್ಟೀನಿ.

ಪ್ರಶ್ನೆ: ನಮ್ದು ಕಮಲಾಪುರ. ಮಗಳನ್ನ ನೋಡ್ಲಾಕ ಹುಮ್ನಾಬಾದ್ ಮ್ಯಾಲಿಂದ ಹೈದರಾಬಾದಿಗೆ ಹೊಂಟಿದ್ವಿ. ನ್ಯಾಷನಲ್ ಹೈವೇ ಟೋಲಿನಾಗ ಮಿಷಿನ್ ನಮ್ಮ ಟ್ಯಾಗ್ ಓದ್ಲೇ ಇಲ್ಲ. ಮೊಬೈಲ್‌ನಾಗ ಎಂಟುನೂರು ರೂಪಾಯಿ ಬ್ಯಾಲೆನ್ಸ್ ತೋರಿಸಿದ್ರೂ ಕೌಂಟರಿನ ಹುಡುಗ ಡಬಲ್ ಕೊಡ್ರಿ ಅಂದ. ಹಿಂದಿನವರು ಹಾರ್ನ್ ಹೊಡಿಲಾಕತ್ತಿದ್ರು, ಕೊಟ್ಟು ಬಂದ್ವಿ. ಇದು ಸರಿ ಏನ್ರಿ?

ಉತ್ತರ: ಟ್ಯಾಗ್ ಚಲೋ ಇದ್ದು, ಬ್ಯಾಲೆನ್ಸ್ ಇದ್ದು, ಅವರ ಮಿಷಿನ್ ಕೆಟ್ಟಿತ್ತಂದ್ರ ಖಂಡಿತ ಸರಿ ಇಲ್ರಿ. 2018ರ ಮೇ ತಿಂಗಳದಾಗ ನ್ಯಾಷನಲ್ ಹೈವೇ ಶುಲ್ಕದ ನಿಯಮಕ್ಕ ತಿದ್ದುಪಡಿ ಮಾಡ್ಯಾರ, ಅದರಾಗ ಸ್ಪಷ್ಟ ಅದ: ಟೋಲಿನ ಮಿಷಿನ್ ಕೆಲಸ ಮಾಡದಿದ್ದಕ್ಕ ರೊಕ್ಕ ಕಟ್ ಆಗ್ಲಿಲ್ಲಂದ್ರ ಗಾಡಿನ ಪೂರಾ ಫ್ರೀ ಬಿಡಬೇಕು, ಮ್ಯಾಲ ಶೂನ್ಯ ರೂಪಾಯಿದು ಒಂದು ರಸೀದಿನೂ ಕೊಡಬೇಕು. ಡಬಲ್ ಅನ್ನೋದು ಟ್ಯಾಗ್ ಇಲ್ಲದವರಿಗೆ, ಇಲ್ಲಾ ಟ್ಯಾಗ್ ನಡಿಯದವರಿಗೆ ಹಾಕಿದ್ದು.

ಆದ್ರ ಮಿಷಿನ್ ಕೆಟ್ಟಿತ್ತೋ ನಿಮ್ಮ ಟ್ಯಾಗ್ ಕೆಟ್ಟಿತ್ತೋ ಅನ್ನೋದು ಅಲ್ಲೇ ಗೊತ್ತಾಗಬೇಕಲ್ರಿ, ಅದಕ್ಕ ಇದು ಹೆಂಗ ಓಡ್ತದ ಅಂತ ಸ್ವಲ್ಪ ತಿಳ್ಕೋರಿ. ಟ್ಯಾಗಿನಾಗ ಬ್ಯಾಟರಿ ಇರಂಗಿಲ್ಲ. ಒಂದು ಸಣ್ಣ ಚಿಪ್ಪು, ಅದರ ಸುತ್ತ ತೆಳ್ಳಗ ಆಂಟೆನಾ, ಅಷ್ಟೇ. ಲೇನಿನ ಮ್ಯಾಲ ತೂಗಹಾಕಿದ ರೀಡರ್ 865ರಿಂದ 867 ಮೆಗಾಹರ್ಟ್ಸಿನ ರೇಡಿಯೋ ಅಲೆ ಬಿಡ್ತದ, ಆ ಅಲೆಯ ಶಕ್ತಿಯಿಂದನೇ ಚಿಪ್ಪು ಎಚ್ಚರಾಗಿ ತನ್ನ ನಂಬರ್ ವಾಪಸ್ ಕಳಿಸ್ತದ. ಆ ನಂಬರ್ ಟೋಲಿನ ಕಂಪ್ಯೂಟರಿಗೆ, ಅಲ್ಲಿಂದ ಟೋಲಿನವರ ಬ್ಯಾಂಕಿಗೆ, ಅಲ್ಲಿಂದ ಬ್ಯಾಂಕುಗಳ ನಡುವಿನ ರೊಕ್ಕದ ವ್ಯವಹಾರ ನಡೆಸೋ ಎನ್‌ಪಿಸಿಐ ಅನ್ನೋ ಸಂಸ್ಥೆಗೆ, ಕೊನಿಗೆ ನಿಮಗ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೋಗಿ ರೊಕ್ಕ ಕಟ್ ಆಗ್ತದ. ಕೆಲವೊಮ್ಮೆ ನೀವು ಟೋಲ್ ದಾಟಿ ಎಷ್ಟೋ ಹೊತ್ತಿನ ಮ್ಯಾಲ ಮೆಸೇಜ್ ಬರೋದು ಈ ಸರಪಳಿ ಎಲ್ಲೋ ತಡ ಆಗಿದ್ದಕ್ಕ.

ರೇಡಿಯೋ ಅಲೆಗೆ ಲೋಹ ಅಂದ್ರ ಆಗಂಗಿಲ್ಲ. ನಮ್ಮ ಕಡೆ ಗಾಡಿ ಮುಂದಿನ ಗ್ಲಾಸ್ ನೋಡ್ರಿ, ಶರಣಬಸವೇಶ್ವರರ ಫೋಟೋ, ಖಾಜಾ ಬಂದಾನವಾಜರ ಸ್ಟಿಕರ್, ಮಿಂಚೋ ಅಕ್ಷರದಾಗ ಮಕ್ಕಳ ಹೆಸರು, ಅವುಗಳ ನಡುವ ಎಲ್ಲೋ ಟ್ಯಾಗ್. ಕಾಗದದ ಸ್ಟಿಕರಿನಿಂದ ಏನೂ ಆಗಂಗಿಲ್ಲ, ಆದ್ರ ಬೆಳ್ಳಿ ಬಂಗಾರದಂಗ ಹೊಳಿಯೋ ಫಾಯಿಲ್ ಸ್ಟಿಕರ್ ಟ್ಯಾಗಿನ ಬಾಜೂ ಇದ್ರ, ಇಲ್ಲಾ ಗ್ಲಾಸಿಗೆ ಲೋಹದ ಅಂಶ ಇರೋ ಫಿಲ್ಮ್ ಹಚ್ಚಿದ್ರ ರೀಡರಿಗೆ ಟ್ಯಾಗ್ ಸರಿಯಾಗಿ ಸಿಗಂಗಿಲ್ಲ. ಒಳಗಿನ ಕನ್ನಡಿ ಹಿಂದ, ಗ್ಲಾಸಿನ ನಡುವ ಹಚ್ಚಬೇಕು. ಒಮ್ಮೆ ಹಚ್ಚಿದ್ದನ್ನ ಕಿತ್ತಿ ಮತ್ತ ಹಚ್ಚಿದ್ರ ಒಳಗಿನ ಆಂಟೆನಾ ಹರಿತದ, ಮ್ಯಾಲ ನೋಡ್ಲಾಕ ಹೊಸದರಂಗೇ ಇರ್ತದ ಆದ್ರ ಸತ್ತಿರ್ತದ. ಕೈಯಾಗ ಹಿಡ್ಕೊಂಡು ತೋರಿಸೋರು ಭಾಳ ಮಂದಿ ಇದ್ದಾರ, ಅದನ್ನ ಬಿಡ್ರಿ, ಹಂಗ ಗ್ಲಾಸಿಗೆ ಹಚ್ಚದ ಟ್ಯಾಗನ್ನ ಬ್ಲ್ಯಾಕ್‌ಲಿಸ್ಟ್ ಮಾಡ್ತೀವಿ, ಅಂದ್ರ ನಡಿಯದ ಟ್ಯಾಗಿನ ಪಟ್ಟಿಗೆ ಹಾಕ್ತೀವಂತ 2025ರ ಜುಲೈದಾಗೇ ಹೆದ್ದಾರಿ ಪ್ರಾಧಿಕಾರ ಹೇಳ್ಯದ.

ಹಂಗಾಗಿ ಮುಂದಿನ ಸಲ ಹಿಂಗಾದ್ರ ಗಾಬರಿ ಆಗಿ ರೊಕ್ಕ ತೆಗಿಬ್ಯಾಡ್ರಿ. ಕೈಯಾಗ ಹಿಡಿಯೋ ಸಣ್ಣ ರೀಡರ್ ತಂದು ಟ್ಯಾಗಿಗೆ ಹಿಡಿ ಅನ್ರಿ. ಅದು ಓದ್ತಂದ್ರ ನಿಮ್ಮ ಟ್ಯಾಗ್ ಚಲೋನೇ ಅದ, ಹಚ್ಚಿದ ಜಾಗಾನೂ ಸರಿ ಇದ್ರ ಸಮಸ್ಯಾ ಲೇನಿನ ಮಿಷಿನ್‌ದು. ನಿಮ್ಮ ಹಿಂದ ಮುಂದ ಬ್ಯಾರೆ ಗಾಡಿಗೂ ಹಂಗೇ ಆಗ್ಲಾಕತ್ತಿತ್ತಂದ್ರನೂ ಅದೇ ಅರ್ಥ. ಕೇಳಲಿಲ್ಲಂದ್ರ ಅಲ್ಲಿಂದಲೇ ಹೆದ್ದಾರಿ ಸಹಾಯವಾಣಿ 1033ಕ್ಕ ಫೋನ್ ಹಚ್ಚ್ರಿ, ಕೊಟ್ಟ ರೊಕ್ಕಕ್ಕ ರಸೀದಿ ಬಿಡಬ್ಯಾಡ್ರಿ, ಯಾಕಂದ್ರ ಕ್ಯಾಶ್ ಕೊಟ್ಟು ಬಂದ ಮ್ಯಾಲ ಟ್ಯಾಗಿನಾಗೂ ಕಟ್ ಆದ್ರ ವಾಪಸ್ ಕೇಳ್ಲಾಕ ಅದೊಂದೇ ಪುರಾವೆ. ನನಗ ಬ್ಯಾಸರ ಆಗೋದು ಏನಂದ್ರ, ಡಬಲ್ ಅನ್ನೋದನ್ನ ದೂರದಿಂದ ಕಾಣೋಹಂಗ ಬರಿಸ್ತಾರ, ಮಿಷಿನ್ ಕೆಟ್ಟರ ಫ್ರೀ ಅನ್ನೋದನ್ನೂ ಅಷ್ಟೇ ದೊಡ್ಡ ಅಕ್ಷರದಾಗ, ಕನ್ನಡದಾಗ ಬರಿಸಬೇಕಲ್ರಿ. ಇದನ್ನ ನಮ್ಮ ಭಾಗದ ಎಂಪಿ, ಎಂಎಲ್‌ಎಗಳು ಕೇಳಬೇಕು, ನಾವೂ ಕೇಳಬೇಕು.

ಪ್ರಶ್ನೆ: ನಾನು ಶಹಾಪುರದ ಲಾರಿ ಡ್ರೈವರ್, ಹತ್ತಿ ಲೋಡ್ ಹೊಡಿತೀನಿ. ಟೋಲ್ ಲೈನಿನಾಗ ನಿಂತಾಗೇ ಮಾಲಕರು ರಿಚಾರ್ಜ್ ಮಾಡಿದ್ರು, ಆದ್ರೂ ಬ್ಲ್ಯಾಕ್‌ಲಿಸ್ಟ್ ಅಂತ ಬಂತು. ಯಾಕ ಹಿಂಗ?

ಉತ್ತರ: ಅಣ್ಣಾರ, ಇದರಾಗ ಎರಡು ನಮೂನಿ ಟೋಲ್ ಅವ. ನ್ಯಾಷನಲ್ ಹೈವೇ ಟೋಲಿನಾಗ ಹೊಸ ಸಾಫ್ಟ್‌ವೇರ್ ಅದ, ಟ್ಯಾಗಿನ ಹಾಲಿ ಸ್ಥಿತಿ ಆ ಕ್ಷಣಕ್ಕೇ ತಿಳಿತದ, ಅದಕ್ಕ ದಾಟೋಕಿಂತ ಮೊದಲ ಯಾವಾಗ ರಿಚಾರ್ಜ್ ಮಾಡಿದ್ರೂ ನಡಿತದ ಅಂತ 2025ರ ಫೆಬ್ರವರಿದಾಗ ಪ್ರಾಧಿಕಾರ ಹೇಳಿತ್ತು. ರಾಜ್ಯ ಹೆದ್ದಾರಿ ಕೆಲವು ಟೋಲಿನಾಗ ಹಳೇ ಸಾಫ್ಟ್‌ವೇರೇ ಇತ್ತು, ಅಲ್ಲಿ ಬ್ಲ್ಯಾಕ್‌ಲಿಸ್ಟಿನ ಪಟ್ಟಿ ಆಗಾಗ ಇಳಿಸ್ಕೋಬೇಕು, ನೀವು ರೊಕ್ಕ ಹಾಕಿದ್ದು ಆ ಪಟ್ಟಿಗೆ ಗೊತ್ತೇ ಇರಂಗಿಲ್ಲ.

ಇದರ ಜೋಡಿ 2025ರ ಫೆಬ್ರವರಿ 17ರಿಂದ ಎನ್‌ಪಿಸಿಐದು ಒಂದು ನಿಯಮ ಬಂದದ. ಮಿಷಿನ್ ಟ್ಯಾಗ್ ಓದೋಕಿಂತ 60 ನಿಮಿಷ ಮೊದಲಿಂದ ಬ್ಲ್ಯಾಕ್‌ಲಿಸ್ಟಿನಾಗಿದ್ದು, ಓದಿದ ಮ್ಯಾಲ 10 ನಿಮಿಷದ ತನಕನೂ ಹಂಗೇ ಇದ್ರ ಆ ವ್ಯವಹಾರ ರಿಜೆಕ್ಟ್. ಅಂದ್ರ ಓದಿದ 10 ನಿಮಿಷದೊಳಗ ಸರಿ ಆದ್ರೂ ಉಳ್ಕೋಬಹುದು. ಆದ್ರ ಬ್ಲ್ಯಾಕ್‌ಲಿಸ್ಟ್ ಆಗಿದ್ದು ಕೆವೈಸಿ (ಗುರುತಿನ ಕಾಗದ ಕೊಡೋದು) ಬಾಕಿ ಇದ್ದದ್ದಕ್ಕ ಅಂದ್ರ ಸಾವಿರ ರೂಪಾಯಿ ಹಾಕಿದ್ರೂ ತೆರಿಯಂಗಿಲ್ಲ, ಕಾಗದ ಕೊಟ್ಟೇ ತೆರಿಬೇಕು. ಎನ್‌ಪಿಸಿಐ ವೆಬ್‌ಸೈಟಿನಾಗ ಗಾಡಿ ನಂಬರ್ ಹಾಕಿದ್ರ ಟ್ಯಾಗಿನ ಸ್ಥಿತಿ ತೋರಿಸ್ತದ, ಲೋಡ್ ಹಾಕೋ ಹೊತ್ತಿನಾಗೇ ಮಾಲಕರಿಗೆ ನೋಡ್ರಿ ಅನ್ರಿ. ದಾರಿಯೊಳಗ ಬೈಸ್ಕೊಳ್ಳೋರು ನೀವು, ಡಬಲ್ ರೊಕ್ಕ ನಿಮ್ಮ ಭತ್ಯೆದಾಗ ಮುರ್ಕೊಳ್ಳೋದು ಅನ್ಯಾಯ.

ಪ್ರಶ್ನೆ: ಕಾರ್ ಬೀದರಿನ ನಮ್ಮ ಮನಿ ಮುಂದೇ ನಿಂತದ, ಮೊಬೈಲಿಗೆ ಎಲ್ಲಿದೋ ಟೋಲ್ ಕಟ್ ಆದ ಮೆಸೇಜ್!

ಉತ್ತರ: ಮೊದಲ ಆ ಟ್ಯಾಗ್ ಯಾವ ಗಾಡಿದು ಅಂತ ನೋಡ್ರಿ. ಹಳೇ ಕಾರ್ ಮಾರಿ ಟ್ಯಾಗ್ ಬಂದ್ ಮಾಡಿಸಿಲ್ಲಂದ್ರ ಕೊಂಡವರು ಓಡಾಡಿದ್ದು ನಿಮ್ಮ ಖಾತೆದಾಗೇ ಕಟ್ ಆಗ್ತದ. ಹಂಗೇನೂ ಇಲ್ಲಂದ್ರ ಟೋಲಿನಾಗ ಕೈಯಿಂದ ನಂಬರ್ ಹೊಡಿವಾಗ ಒಂದು ಅಂಕಿ ತಪ್ಪಿರಬಹುದು. ಟೋಲಿಗೆ ಹೋಗಿ ಜಗಳ ಮಾಡೋದು ಬ್ಯಾಡ, ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಹಾಕ್ರಿ, ಲೇನಿನ ಕ್ಯಾಮೆರಾ ಫೋಟೋ ಕೇಳ್ರಿ.

ಪ್ರಶ್ನೆ: ಕಲಬುರಗಿಯಿಂದ ಹೈದರಾಬಾದಿಗೆ ಸ್ವಂತ ಕಾರಿನಾಗ ಮೇಲಿಂದ ಮೇಲೆ ಹೋಗ್ತೀನಿ. ವಾರ್ಷಿಕ ಪಾಸ್ ಮಾಡಿಸ್ಲೇನು?

ಉತ್ತರ: ಮಾಡಿಸ್ರಿ, ಉಳಿತದ. 2025ರ ಆಗಸ್ಟ್ 15ಕ್ಕ ಶುರು ಮಾಡಿದಾಗ 3000 ರೂಪಾಯಿ, ಒಂದು ವರ್ಷ ಇಲ್ಲಾ 200 ಟ್ರಿಪ್, ಯಾವುದು ಮೊದಲ ಮುಗಿತದೋ ಅದು. ಟ್ರಿಪ್ ಅಂದ್ರ ಹೈದರಾಬಾದ್ ಮುಟ್ಟೋದಲ್ಲ, ಒಂದೊಂದು ಟೋಲ್ ದಾಟಿದ್ದೂ ಒಂದೊಂದು ಟ್ರಿಪ್, ಬರೋವಾಗ ಮತ್ತ ಲೆಕ್ಕ. ಹೆದ್ದಾರಿ ಪ್ರಾಧಿಕಾರದ ರಾಜಮಾರ್ಗಯಾತ್ರಾ ಆ್ಯಪಿನಾಗ ಇರೋ ಟ್ಯಾಗಿಗೇ ಹಾಕಿಸ್ಕೋಬಹುದು. ಹಳದಿ ಬೋರ್ಡಿಗೆ ಸಿಗಂಗಿಲ್ಲ, ರಾಜ್ಯ ಹೆದ್ದಾರಿ ಟೋಲಿಗೆ ನಡಿಯಂಗಿಲ್ಲ, ಅಲ್ಲಿ ಬ್ಯಾಲೆನ್ಸಿನಾಗೇ ಕಟ್ ಆಗ್ತದ, ಅದಕ್ಕ ಪಾಸ್ ಅದ ಅಂತ ಟ್ಯಾಗ್ ಖಾಲಿ ಇಡಬ್ಯಾಡ್ರಿ. ನ್ಯಾಷನಲ್ ಹೈವೇ ಟೋಲಿನಿಂದ 20 ಕಿಲೋಮೀಟರಿನೊಳಗ ಮನಿ ಇದ್ದವರಿಗೆ ಸ್ವಂತ ಕಾರಿಗೆ ತಿಂಗಳ ಪಾಸ್ ಬ್ಯಾರೆನೇ ಅದ, ಅದು ಆ ಒಂದು ಟೋಲಿಗಷ್ಟೇ. ಟ್ಯಾಗ್ ನಡಿಲಿಲ್ಲಂದ್ರ ಡಬಲ್ ಕ್ಯಾಶ್ ಒಂದೇ ದಾರಿ ಅಂತ ತಿಳಿಬ್ಯಾಡ್ರಿ, 2025ರ ನವೆಂಬರ್ 15ರಿಂದ ನ್ಯಾಷನಲ್ ಹೈವೇದಾಗ ಯುಪಿಐನಿಂದ ಕೊಟ್ರ ಒಂದೂಕಾಲು ಪಟ್ಟು. ನೂರು ರೂಪಾಯಿ ಟೋಲಿಗೆ ನೂರಾ ಇಪ್ಪತ್ತೈದು.

ಪ್ರಶ್ನೆ: ನಾನು ಕಲಬುರಗಿದಾಗ ಇಂಜಿನಿಯರಿಂಗ್ ಓದ್ಲಾಕತ್ತೀನಿ. ಈ ಎಲೆಕ್ಟ್ರಾನಿಕ್ ಟೋಲ್ ಎಲ್ಲಿ ಶುರುವಾಯ್ತು ಸರ್, ಮುಂದ ಸ್ಯಾಟಲೈಟ್ ಟೋಲ್ ಬರ್ತದೇನು?

ಉತ್ತರ: ವಿಚಾರ ಹಳೇದಪಾ. ವಿಲಿಯಂ ವಿಕ್ರಿ ಅನ್ನೋ ಅರ್ಥಶಾಸ್ತ್ರಜ್ಞರು 1959ರಾಗೇ ವಾಷಿಂಗ್ಟನ್ ಭಾಗಕ್ಕ ಪ್ರತಿ ಗಾಡಿಗೆ ಒಂದು ಎಲೆಕ್ಟ್ರಾನಿಕ್ ಗುರುತು ಹಚ್ಚಿ ಶುಲ್ಕ ತಗೋಬೇಕಂತ ಹೇಳಿದ್ರು. 1996ರಾಗ ಅವರಿಗೆ ನೊಬೆಲ್ ಬಂತು. ನಾರ್ವೆಯ ಟ್ರಾಂಡ್‌ಹೈಮ್ ಊರಾಗ 1991ರಾಗ ಗಾಡಿ ನಿಲ್ಲಿಸದೇ ಓಡೋವಾಗೇ ಟೋಲ್ ತಗೊಳ್ಳೋದು ಶುರುವಾಯ್ತು, ಕೆನಡಾದ 407ನೇ ಹೈವೇದಾಗ 1997ರಿಂದ ಟೋಲ್ ಬೂತೇ ಇಲ್ಲ, ಸಿಂಗಾಪುರ 1998ರಾಗ ಊರೊಳಗಿನ ಗದ್ದಲ ಕಮ್ಮಿ ಮಾಡ್ಲಾಕ ಇದನ್ನ ಬಳಸ್ತು. ಜರ್ಮನಿ 2005ರಿಂದ ಲಾರಿ ಎಷ್ಟು ದೂರ ಓಡ್ತು ಅಂತ ಸ್ಯಾಟಲೈಟಿನಿಂದ ನೋಡಿ ಟೋಲ್ ಲೆಕ್ಕ ಹಚ್ಯದ. ನಮ್ಮಲ್ಲಿ ಫಾಸ್ಟ್ಯಾಗ್ ಬಂದದ್ದು 2014ರಾಗ, 2017ರ ಡಿಸೆಂಬರಿನಿಂದ ಹೊಸ ನಾಲ್ಕು ಗಾಲಿ ಗಾಡಿಗೆ ಕಡ್ಡಾಯ, 2021ರ ಫೆಬ್ರವರಿ ನಡುವಿನಿಂದ ನ್ಯಾಷನಲ್ ಹೈವೇದ ಎಲ್ಲಾ ಲೇನಿಗೂ.

ಸ್ಯಾಟಲೈಟಿಗೆ 2024ರಾಗ ನಿಯಮ ತಿದ್ದಿದ್ರು, ಬೆಂಗಳೂರು-ಮೈಸೂರು ರಸ್ತೆದಾಗ ಪ್ರಯೋಗನೂ ಮಾಡಿದ್ರು. ಆದ್ರ 2025ರ ಮೇ 1ರಿಂದ ಬರ್ತದ ಅನ್ನೋ ಸುದ್ದಿ ಹಬ್ಬಿದಾಗ ಅಂಥಾ ತೀರ್ಮಾನ ಇಲ್ಲಂತ ಸರ್ಕಾರನೇ ಹೇಳ್ತು. ಸ್ಯಾಟಲೈಟಿಗಿಂತ ಮೊದಲ ಹಿಡಿದಿದ್ದು ಗೇಟಿಲ್ಲದ ಟೋಲ್. ಮ್ಯಾಲಿನ ಕಮಾನಿನ ರೀಡರ್ ಟ್ಯಾಗ್ ಓದ್ತದ, ಕ್ಯಾಮೆರಾ ನಂಬರ್ ಪ್ಲೇಟ್ ಓದ್ತದ, ಗಾಡಿ ನಿಲ್ಲೋದೇ ಇಲ್ಲ. ಗುಜರಾತಿನ ಚೋರ್ಯಾಸಿ ಟೋಲಿಗೆ 2025ರ ಆಗಸ್ಟಿನಾಗ ಇದರ ಒಪ್ಪಂದ ಆಯ್ತು. ನೀ ಇಂಜಿನಿಯರಿಂಗ್ ಓದ್ಲಾಕತ್ತೀದಿ ಅಂತ ಹೇಳ್ತೀನಿ, ಪ್ರಾಜೆಕ್ಟ್ ಮಾಡೋದಿದ್ರ ಇದನ್ನ ತಗೋ: ಮಳೆಗಾಲದಾಗ ನಮ್ಮ ಎರಿ ಮಣ್ಣು ಮೆತ್ತಿದ ಟ್ರಕ್ಕಿನ ನಂಬರ್ ಪ್ಲೇಟ್ ಕ್ಯಾಮೆರಾ ಹೆಂಗ ಓದಬೇಕು, ತಪ್ಪು ಓದಿದ್ರ ಆ ರೊಕ್ಕ ಯಾರ ಖಾತೆದಾಗ ಕಟ್ ಆಗ್ತದ, ಅವರಿಗೆ ಹೆಂಗ ವಾಪಸ್ ಬರ್ತದ.