ಮನೆಖರ್ಚು: ರಿಯಾಯಿತಿ ಮಳಿಗೆಯಲ್ಲಿ ನಿಜವಾಗಿ ಉಳಿಯುವುದೆಷ್ಟು?

ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಈ ಬಾರಿ ಹೆಚ್ಚಿನವು ರಿಯಾಯಿತಿ ದರದ ಸೂಪರ್‌ ಮಾರ್ಕೆಟ್‌ಗಳಲ್ಲಿ ದಿನಸಿ ಕೊಳ್ಳುವ ಬಗ್ಗೆಯೇ ಇರುವುದರಿಂದ, ಅವುಗಳಿಗೆ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ನಾಲ್ವರ ಸಂಸಾರ. ತಿಂಗಳ ಸಾಮಾನನ್ನು ಈಗ ದೊಡ್ಡ ರಿಯಾಯಿತಿ ಮಳಿಗೆಯಿಂದಲೇ ತರುತ್ತೇವೆ. ಪ್ರತಿ ಬಿಲ್ಲಿನ ಕೊನೆಯಲ್ಲಿ 'ನೀವು ಉಳಿಸಿದ ಮೊತ್ತ' ಎಂದು ಐನೂರು, ಆರುನೂರು ರೂಪಾಯಿ ತೋರಿಸಿರುತ್ತಾರೆ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ಹಣ ಮೊದಲಿಗಿಂತ ಕಡಿಮೆಯೇ. ಲೆಕ್ಕ ಎಲ್ಲಿ ತಪ್ಪುತ್ತಿದೆ?
— ಗೃಹಿಣಿ, ದಾವಣಗೆರೆ

ಉತ್ತರ: ಬಿಲ್ಲಿನ ಕೊನೆಯ ಆ ಸಾಲನ್ನು ದಯವಿಟ್ಟು ನಿಮ್ಮ ಉಳಿತಾಯವೆಂದು ಭಾವಿಸಬೇಡಿ. ಅದು ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಗೂ, ಅಂದರೆ ಎಂಆರ್‌ಪಿಗೂ, ಮಳಿಗೆ ನಿಮ್ಮಿಂದ ಪಡೆದ ಬೆಲೆಗೂ ಇರುವ ಅಂತರ ಮಾತ್ರ. ಎಂಆರ್‌ಪಿ ಎಂಬುದು ಎಲ್ಲ ತೆರಿಗೆಗಳೂ ಸೇರಿದ ಮೇಲ್ಮಿತಿ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ, ಕಡಿಮೆಗೆ ಯಾರು ಬೇಕಾದರೂ ಮಾರಬಹುದು. ಅಕ್ಕಿ, ಬೇಳೆ, ಅಡುಗೆ ಎಣ್ಣೆಗಳ ಪೊಟ್ಟಣಗಳ ಮೇಲೆ ಈ ಮಿತಿಯನ್ನು ಎಷ್ಟೋ ಸಲ ಪೇಟೆಯ ಧಾರಣೆಗಿಂತ ಬಹಳ ಮೇಲೆ ಇಟ್ಟಿರುತ್ತಾರೆ. ನಿಮ್ಮ ಬೀದಿಯ ಕಿರಾಣಿ ಅಂಗಡಿಯವರೂ ಆ ಬೆಲೆಗೆ ಮಾರುವುದಿಲ್ಲ. ಯಾರೂ ಕೊಡದ ಬೆಲೆಯಿಂದ ಕಳೆದು ತೋರಿಸಿದ ಮೊತ್ತ ನಿಮ್ಮ ಕೈಸೇರುವುದು ಹೇಗೆ?

ನಿಜವಾದ ಲೆಕ್ಕ ಬೇರೆಯೇ ಇದೆ. ಕಳೆದ ತಿಂಗಳ ಬಿಲ್ಲನ್ನು ಮುಂದಿಟ್ಟುಕೊಂಡು, ಎಲ್ಲಿಗೆ ಹೋಗಿದ್ದರೂ ಕೊಳ್ಳಲೇಬೇಕಾಗಿದ್ದ ಸಾಮಾನುಗಳಿಗೆ ಗುರುತು ಹಾಕಿ. ಅವುಗಳ ಬೆಲೆಯನ್ನು ನಿಮ್ಮ ಹಳೆಯ ಅಂಗಡಿಯಲ್ಲಿ ವಿಚಾರಿಸಿ ಪಕ್ಕದಲ್ಲಿ ಬರೆಯಿರಿ. ಆ ಎರಡು ಬೆಲೆಗಳ ವ್ಯತ್ಯಾಸವಷ್ಟೇ ನಿಮ್ಮ ಉಳಿತಾಯ. ಅದರಲ್ಲಿ ಹೋಗಿಬರುವ ಖರ್ಚನ್ನೂ, ಪಟ್ಟಿಯಲ್ಲಿ ಇಲ್ಲದೆ ಬುಟ್ಟಿಗೆ ಬಿದ್ದ ಸಾಮಾನಿನ ಬೆಲೆಯನ್ನೂ ಕಳೆಯಿರಿ. ಕುರುಕಲು ತಿಂಡಿಯ ದೊಡ್ಡ ಪೊಟ್ಟಣ, ಪ್ಲಾಸ್ಟಿಕ್ ಡಬ್ಬಿಗಳ ಸೆಟ್ಟು, ಮಕ್ಕಳು ಹಟ ಹಿಡಿದು ಎತ್ತಿಕೊಂಡ ಚಾಕೊಲೇಟು, ಇವು ಎರಡು-ಮೂರು ಸೇರಿದರೂ ಬೇಳೆಕಾಳಿನಲ್ಲಿ ಉಳಿದದ್ದು ಕರಗಿಹೋಗುತ್ತದೆ. ನಿಮ್ಮ ಮನೆಯಲ್ಲಿ ಸೋರಿಕೆ ಇಲ್ಲಿಯೇ ಆಗುತ್ತಿದೆ ಎಂಬುದು ನನ್ನ ಊಹೆ.

ಹಾಗೆಂದು ರಿಯಾಯಿತಿ ಮಳಿಗೆಯಿಂದ ಪ್ರಯೋಜನವಿಲ್ಲವೆಂದಲ್ಲ. ಸೋಪು, ಟೂತ್‌ಪೇಸ್ಟ್, ಬಟ್ಟೆ ಒಗೆಯುವ ಪುಡಿ, ಬಿಸ್ಕತ್ತು, ಚಹಾಪುಡಿಯಂತಹ ಹೆಸರಾಂತ ಕಂಪನಿಗಳ ಸಾಮಾನನ್ನು ಸಣ್ಣ ಅಂಗಡಿಗಳು ಬಹುಮಟ್ಟಿಗೆ ಎಂಆರ್‌ಪಿಗೇ ಮಾರುವುದರಿಂದ, ಅಂಥವನ್ನು ಅಲ್ಲಿ ಕೊಂಡರೆ ಸಿಗುವ ಲಾಭ ನಿಜವಾದದ್ದು. ಇವುಗಳ ಪಟ್ಟಿಯನ್ನು ಮನೆಯಲ್ಲೇ ಬರೆದು ಒಯ್ಯಿರಿ. ಅಕ್ಕಿ ಬೇಳೆಯನ್ನು ಮಾತ್ರ ಎರಡೂ ಕಡೆ ವಿಚಾರಿಸಿಯೇ ಕೊಳ್ಳಿರಿ.

ಪ್ರಶ್ನೆ: ಇಷ್ಟು ಕಡಿಮೆ ಬೆಲೆಗೆ ಮಾರಲು ಇವರಿಗೆ ಹೇಗೆ ಸಾಧ್ಯ? ಸಾಮಾನಿನ ಗುಣಮಟ್ಟದಲ್ಲಿ ಏನಾದರೂ ಕೊರತೆ ಇರುತ್ತದೆಯೇ?
— ನಿವೃತ್ತ ಬ್ಯಾಂಕ್ ನೌಕರರು, ಹುಬ್ಬಳ್ಳಿ

ಉತ್ತರ: ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಡಿ-ಮಾರ್ಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಷೇರು ಪೇಟೆಯ ಹೂಡಿಕೆದಾರರೆಂದು ಹೆಸರಾದ ರಾಧಾಕಿಶನ್ ದಮಾನಿ ಅವರ ಅವೆನ್ಯೂ ಸೂಪರ್‌ಮಾರ್ಟ್ಸ್ ಸಂಸ್ಥೆ 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆಯಿತು. 2017ರ ಮಾರ್ಚ್‌ನಲ್ಲಿ ಅದರ ಷೇರುಗಳು ಪೇಟೆಗೆ ಬಂದವು. ಬಹುಪಾಲು ಮಳಿಗೆಗಳ ಕಟ್ಟಡ ಸಂಸ್ಥೆಯ ಸ್ವಂತದ್ದೇ ಆಗಿರುವುದರಿಂದ, ಬೇರೆಯವರನ್ನು ಹೈರಾಣಾಗಿಸುವ ಬಾಡಿಗೆಯ ಹೊರೆ ಇದಕ್ಕೆ ಕಡಿಮೆ. ಪೂರೈಕೆದಾರರಿಗೆ ವಾರಗಟ್ಟಲೆ ಕಾಯಿಸದೆ ಬೇಗ ಹಣ ಕೊಟ್ಟು, ಅದಕ್ಕೆ ಪ್ರತಿಯಾಗಿ ಅವರಿಂದ ಬೆಲೆ ಇಳಿಸಿಕೊಳ್ಳುವುದು ಇವರ ಇನ್ನೊಂದು ಪದ್ಧತಿ. ಒಂದೊಂದು ಬಗೆಯ ಸಾಮಾನಿನಲ್ಲಿ ಹತ್ತಾರು ಬ್ರಾಂಡ್ ಇಡದೆ, ಬೇಗ ಖರ್ಚಾಗುವ ಕೆಲವನ್ನಷ್ಟೇ ಇಟ್ಟು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಾರೆ. ಅಲಂಕಾರ ಕಡಿಮೆ, ಸಾಲು ಉದ್ದ, ಆಯ್ಕೆ ಮಿತ. ಬೆಲೆ ಇಳಿಯುವುದು ಇವೆಲ್ಲದರಿಂದ.

ಕಂಪನಿಯಲ್ಲೇ ಮೊಹರಾದ ಪೊಟ್ಟಣ ಎಲ್ಲಿ ಕೊಂಡರೂ ಒಂದೇ. ಮಳಿಗೆಯವರೇ ತುಂಬಿಸಿದ ಬೇಳೆ, ಮಸಾಲೆ, ಒಣಹಣ್ಣುಗಳನ್ನು ಕೊಳ್ಳುವಾಗ ಮಾತ್ರ ಪ್ಯಾಕ್ ಮಾಡಿದ ದಿನಾಂಕವನ್ನೂ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆಯನ್ನೂ ಗಮನಿಸಿ, ಪೊಟ್ಟಣದ ತಳದಲ್ಲಿ ಹುಡಿ ಕೂತಿದೆಯೇ ಎಂದು ನೋಡಿ ಕೊಳ್ಳಿರಿ.

ಪ್ರಶ್ನೆ: ದೊಡ್ಡ ಪೊಟ್ಟಣ ಕೊಂಡರೆ ಅಗ್ಗವೆಂದು ಎಲ್ಲರೂ ಹೇಳುತ್ತಾರೆ. ಆದರೆ 850 ಗ್ರಾಂ, 475 ಗ್ರಾಂ ಎಂದು ಬಗೆಬಗೆಯ ತೂಕದ ಪೊಟ್ಟಣಗಳಿರುವಾಗ ಹೋಲಿಸುವುದು ಹೇಗೆ?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ ಕೇಳಿದ್ದೀರಿ. ಬೇಳೆ, ಎಣ್ಣೆ, ಚಹಾ, ಬಿಸ್ಕತ್ತು ಮುಂತಾದವನ್ನು ಇಂತಿಷ್ಟೇ ತೂಕದ ಪೊಟ್ಟಣಗಳಲ್ಲಿ ಮಾರಬೇಕೆಂಬ ನಿಯಮ ಹಿಂದೆ ಇತ್ತು. ಆ ಪಟ್ಟಿಯನ್ನು ತೆಗೆದುಹಾಕಿದ ಮೇಲೆ ಕಂಪನಿಗಳು ತಮಗೆ ತೋಚಿದ ತೂಕದಲ್ಲಿ ತುಂಬಿಸುತ್ತಿವೆ. ಅದಕ್ಕೆ ಬದಲಾಗಿ, ಪೊಟ್ಟಣದ ಮೇಲೆ ಪ್ರತಿ ಗ್ರಾಂ ಅಥವಾ ಪ್ರತಿ ಕಿಲೋ ಬೆಲೆಯನ್ನು ಮುದ್ರಿಸಬೇಕೆಂದು ತೂಕ, ಅಳತೆಗಳಿಗೆ ಸಂಬಂಧಿಸಿದ ಕಾನೂನು ಮಾಪನ ನಿಯಮಗಳಲ್ಲಿ ಸೇರಿಸಲಾಯಿತು. ಎಂಆರ್‌ಪಿಯ ಆಸುಪಾಸಿನಲ್ಲಿ ಯುಎಸ್‌ಪಿ ಎಂಬ ಸಣ್ಣ ಅಕ್ಷರಗಳ ಮುಂದೆ ಕಾಣುವ ಅಂಕಿ ಅದೇ.

ಆ ಅಂಕಿಯನ್ನು ಓದುವಾಗ ಮೂರು ಕಡೆ ಎಡವುವ ಸಂಭವವಿದೆ. ಒಂದು ಕಿಲೋಗಿಂತ ಚಿಕ್ಕ ಪೊಟ್ಟಣದ ಮೇಲೆ ಬೆಲೆ ಗ್ರಾಂ ಲೆಕ್ಕದಲ್ಲಿ, ದೊಡ್ಡದರ ಮೇಲೆ ಕಿಲೋ ಲೆಕ್ಕದಲ್ಲಿ ಇರುತ್ತದೆ; ಆದ್ದರಿಂದ ಗ್ರಾಂ ಬೆಲೆಯನ್ನು ಸಾವಿರದಿಂದ ಗುಣಿಸಿ ನೋಡಬೇಕು. ಜೊತೆಗೆ, ಎರಡು ದಶಾಂಶಗಳಿಗೆ ಅದನ್ನು ಸರಿಹೊಂದಿಸುವುದರಿಂದ ಗ್ರಾಂ ಬೆಲೆ ಒರಟಾಗಿರುತ್ತದೆ. 78 ರೂಪಾಯಿ ಎಂಆರ್‌ಪಿಯ ಅರ್ಧ ಕಿಲೋ ತೊಗರಿಬೇಳೆಯ ಮೇಲೆ ಗ್ರಾಂಗೆ 0.16 ರೂಪಾಯಿ ಎಂದು ಬರುತ್ತದೆ ಎಂದುಕೊಳ್ಳಿ. ಅದನ್ನು ನಂಬಿದರೆ ಕಿಲೋಗೆ 160 ರೂಪಾಯಿ, ನಿಜವಾದ ಲೆಕ್ಕದಲ್ಲಿ 156. ಎಲ್ಲಕ್ಕಿಂತ ಮುಖ್ಯವಾಗಿ, ಈ ಅಂಕಿಯನ್ನು ಎಂಆರ್‌ಪಿಯ ಮೇಲೆ ಲೆಕ್ಕ ಹಾಕಲಾಗಿರುತ್ತದೆಯೇ ಹೊರತು ಮಳಿಗೆಯ ರಿಯಾಯಿತಿ ಬೆಲೆಯ ಮೇಲೆ ಅಲ್ಲ. ರಿಯಾಯಿತಿ ಮಳಿಗೆಯಲ್ಲಿ ಒಂದು ಪೊಟ್ಟಣಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೆಲೆ ಇಳಿಸಿರುವಾಗ ಮುದ್ರಿತ ಅಂಕಿಗಳಿಂದ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ. ಕಪಾಟಿಗೆ ಅಂಟಿಸಿದ ಚೀಟಿಯ ಬೆಲೆಯನ್ನು ಪೊಟ್ಟಣದ ತೂಕದಿಂದ ನೀವೇ ಭಾಗಿಸಿ. ಮೊಬೈಲಿನ ಕ್ಯಾಲ್ಕುಲೇಟರಿಗೆ ಅದು ಅರೆಕ್ಷಣದ ಕೆಲಸ.

ಅಡುಗೆ ಎಣ್ಣೆಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು, ಏಕೆಂದರೆ ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 150 ರೂಪಾಯಿಯ ಒಂದು ಲೀಟರ್ ಪೊಟ್ಟಣವೂ 160 ರೂಪಾಯಿಯ ಒಂದು ಕಿಲೋ ಪೊಟ್ಟಣವೂ ಅಕ್ಕಪಕ್ಕದಲ್ಲಿದ್ದರೆ ಕಣ್ಣಿಗೆ ಮೊದಲನೆಯದೇ ಅಗ್ಗವಾಗಿ ಕಾಣುತ್ತದೆ. ಆದರೆ ಕಿಲೋ ಲೆಕ್ಕದಲ್ಲಿ ಅದು ಸುಮಾರು 165 ರೂಪಾಯಿ ಬೀಳುತ್ತದೆ. ಎಣ್ಣೆಯ ಪೊಟ್ಟಣದ ಮೇಲೆ ಅಳತೆ, ತೂಕ ಎರಡನ್ನೂ ನಮೂದಿಸಿರುತ್ತಾರೆ. ತೂಕವನ್ನೇ ನೋಡಿ ಹೋಲಿಸಿ.

ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಶಾಂಪೂ, ಚಹಾಪುಡಿಗಳಲ್ಲಿ ಸಣ್ಣ ಸ್ಯಾಶೆಯೇ ಅಗ್ಗವಾಗಿರುವ ಸಂದರ್ಭಗಳಿವೆ. ಲೆಕ್ಕ ಹಾಕದೆ ಯಾವುದನ್ನೂ ಒಪ್ಪಬೇಡಿ.

ಪ್ರಶ್ನೆ: ನಮ್ಮೂರಿನಲ್ಲಿ ಅಕ್ಕಿ 26 ಕಿಲೋ ಮೂಟೆಗಳಲ್ಲಿ ಸಿಗುತ್ತಿದೆ. ಹಿಂದೆ 25 ಕಿಲೋ ಇರುತ್ತಿತ್ತು. ಇದರಲ್ಲಿ ಏನಾದರೂ ಮೋಸವಿದೆಯೇ?
— ಓದುಗರು, ತುಮಕೂರು

ಉತ್ತರ: ಮೋಸವಿಲ್ಲ, ತೆರಿಗೆಯ ಲೆಕ್ಕಾಚಾರವಿದೆ. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟುಗಳಿಗೆ 25 ಕಿಲೋವರೆಗೆ ಶೇ 5ರಷ್ಟು ಜಿಎಸ್‌ಟಿ 2022ರ ಜುಲೈ 18ರಿಂದ ಬಂತು. ಅದಕ್ಕಿಂತ ಒಂದು ಕಿಲೋ ಹೆಚ್ಚಾದರೆ ಆ ತೆರಿಗೆ ತಗಲುವುದಿಲ್ಲ. 1,500 ರೂಪಾಯಿಯ ಅಕ್ಕಿಗೆ 75 ರೂಪಾಯಿ ಎಂದರೆ ಸಣ್ಣ ಮೊತ್ತವಲ್ಲ. ಅಷ್ಟು ಅಕ್ಕಿ ಹುಳ ಹಿಡಿಯುವ ಮೊದಲು ನಿಮ್ಮ ಮನೆಯಲ್ಲಿ ಖರ್ಚಾಗುವುದಾದರೆ ಧಾರಾಳವಾಗಿ ಕೊಳ್ಳಬಹುದು. ಅಕ್ಕಿ ಮಂಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಅಕ್ಕಿಗೂ ಈ ತೆರಿಗೆ ಇಲ್ಲ. ಕೊಳ್ಳುವ ಮೊದಲು ಅಲ್ಲಿಯ ದರವನ್ನೂ ಕೇಳಿ ನೋಡಿ.

ಪ್ರಶ್ನೆ: ವರ್ಷಕ್ಕಾಗುವಷ್ಟು ತೊಗರಿಬೇಳೆಯನ್ನು ರಿಯಾಯಿತಿ ಇದ್ದಾಗ ಒಮ್ಮೆಗೇ ಕೊಂಡಿಡುವುದು ಲಾಭವೇ?
— ಗೃಹಿಣಿ, ಬೆಂಗಳೂರು

ಉತ್ತರ: ಬೇಳೆಯ ಬೆಲೆಯನ್ನು ನಿರ್ಧರಿಸುವುದು ಮಳಿಗೆಯ ಕೊಡುಗೆಗಿಂತ ಹೆಚ್ಚಾಗಿ ಹೊಲದ ಸುಗ್ಗಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಗುಲ್ಬರ್ಗ ತೊಗರಿ ಬೆಳೆಯುವ ಕಲಬುರಗಿ ಸೀಮೆಯಲ್ಲಿ ಡಿಸೆಂಬರ್‌ನಿಂದ ಕೊಯ್ಲು ಶುರುವಾಗಿ, ಮುಂದಿನ ಒಂದೆರಡು ತಿಂಗಳಲ್ಲಿ ಹೊಸ ಮಾಲು ಪೇಟೆಗೆ ಬರುತ್ತದೆ. ಮಳೆ ಕೈಕೊಡದ ವರ್ಷಗಳಲ್ಲಿ ಬೆಲೆ ಇಳಿಯುವುದು ಸಾಮಾನ್ಯವಾಗಿ ಆಗಲೇ. ಆದರೂ ವರ್ಷದ್ದೆಲ್ಲವನ್ನೂ ಕೊಳ್ಳುವಂತೆ ನಾನು ಹೇಳುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೇಳೆಯನ್ನು ಹರಡಿ ಬಿಸಿಲಿಗೆ ಒಣಗಿಸಲು ಅಂಗಳವಿಲ್ಲ, ಮಳೆಗಾಲದ ತೇವಕ್ಕೆ ಡಬ್ಬಿಯಲ್ಲಿ ಹುಳ ಬೀಳುವುದು ಬೇಗ. ಎರಡು ಕಿಲೋ ಬೇಳೆ ಹಾಳಾದರೆ ಹತ್ತು ಕಿಲೋದಲ್ಲಿ ಉಳಿಸಿದ ಹಣ ಹೋದಂತೆಯೇ. ಮೂರು ನಾಲ್ಕು ತಿಂಗಳಿಗಾಗುವಷ್ಟನ್ನು ಬೇಸಿಗೆಯಲ್ಲಿ ಕೊಂಡು, ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡುವುದು ಕ್ಷೇಮ. ನಮ್ಮ ಹಿರಿಯರು ಬೇಳೆಗೆ ಹರಳೆಣ್ಣೆ ಸವರಿ ಇಡುತ್ತಿದ್ದ ಕ್ರಮವನ್ನು ಈಗಲೂ ಅನುಸರಿಸಬಹುದು.

ಪ್ರಶ್ನೆ: 'ಒಂದು ಕೊಂಡರೆ ಒಂದು ಉಚಿತ' ಎಂಬ ಸಾಮಾನುಗಳ ಅವಧಿ ಮುಗಿಯುವ ಹಂತದಲ್ಲಿರುತ್ತದೆ. ಕೊಳ್ಳಬಹುದೇ?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಪೊಟ್ಟಣದ ಮೇಲೆ ಯಾವ ಪದಗಳಿವೆ ಎಂದು ನೋಡಿ. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಎಂದಿದ್ದರೆ ಆ ದಿನಾಂಕದ ನಂತರ ತಿನ್ನಲೇಬಾರದು. 'ಬೆಸ್ಟ್ ಬಿಫೋರ್' ಎಂಬುದು ಸಾಮಾನು ತನ್ನ ಪೂರ್ಣ ರುಚಿ, ಗುಣದಲ್ಲಿರುವ ಅವಧಿಯನ್ನು ಹೇಳುತ್ತದೆ. ಉಳಿದ ದಿನಗಳಲ್ಲಿ ಎರಡನ್ನೂ ನೀವು ತಿಂದು ಮುಗಿಸಬಲ್ಲಿರಾದರೆ ಕೊಳ್ಳಿರಿ, ಇಲ್ಲವಾದರೆ ಬಿಡಿ.

ಪ್ರಶ್ನೆ: ಹತ್ತಿರದ ದೊಡ್ಡ ಮಳಿಗೆ ನಮ್ಮ ಹಳ್ಳಿಯಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿದೆ. ಊರಿನ ಅಂಗಡಿಯಲ್ಲಿ ಬೆಲೆ ಹೆಚ್ಚು, ಆದರೆ ಉದ್ರಿ ಸಿಗುತ್ತದೆ. ಏನು ಮಾಡಲಿ?
— ಕೃಷಿಕರು, ಹಾವೇರಿ ಜಿಲ್ಲೆ

ಉತ್ತರ: ಫಸಲು ಕೈಸೇರುವವರೆಗೆ ನಿಮ್ಮ ಮನೆಯ ಒಲೆ ಉರಿಯುವುದು ಆ ಉದ್ರಿಯಿಂದ. ಬೆಲೆಯಲ್ಲಿರುವ ಹೆಚ್ಚಳದ ಒಂದು ಭಾಗವನ್ನು ಆ ಸಾಲದ ಬಡ್ಡಿಯೆಂದೇ ತಿಳಿಯಬೇಕು. ಲೆಕ್ಕದ ಪುಸ್ತಕದಲ್ಲಿ ಬರೆಸಿದ ಬೆಲೆ, ನಗದು ಬೆಲೆ ಎರಡನ್ನೂ ಕೇಳಿ ತಿಳಿದುಕೊಳ್ಳಿ. ಅಂತರ ಬಹಳವಿದ್ದರೆ, ಕೈಯಲ್ಲಿ ಹಣವಿರುವ ತಿಂಗಳುಗಳಲ್ಲಿ ನಗದಿಗೇ ಕೊಳ್ಳಿರಿ. ಬೇರೆ ಕೆಲಸಕ್ಕೆ ಪಟ್ಟಣಕ್ಕೆ ಹೋದಾಗ ಸೋಪು, ಎಣ್ಣೆ, ಚಹಾಪುಡಿಯನ್ನು ಎರಡು ತಿಂಗಳಿಗಾಗುವಷ್ಟು ತನ್ನಿ. ದಿನಸಿಗೆಂದೇ ಅರವತ್ತು ಕಿಲೋಮೀಟರ್ ಓಡಾಡಿದರೆ ಉಳಿದದ್ದೆಲ್ಲ ಪೆಟ್ರೋಲಿಗೆ ಹೋಗುತ್ತದೆ. ಸೊಪ್ಪು ತರಕಾರಿಗೆ ವಾರದ ಸಂತೆಯನ್ನು ಬಿಡಬೇಡಿ.

ಪ್ರಶ್ನೆ: ಮಗಳು ಉನ್ನತ ವ್ಯಾಸಂಗಕ್ಕೆ ಜರ್ಮನಿಗೆ ಹೊರಟಿದ್ದಾಳೆ. ಅಲ್ಲಿ ಊಟದ ಖರ್ಚು ಹಿಡಿತದಲ್ಲಿಡಲು ಏನು ಮಾಡಬೇಕು?
— ತಾಯಿ, ಉಡುಪಿ

ಉತ್ತರ: ರಿಯಾಯಿತಿ ಮಳಿಗೆಯೆಂಬ ಪದ್ಧತಿಗೆ ಆ ದೇಶವೇ ತವರು. ಎಸ್ಸೆನ್ ನಗರದ ಆಲ್‌ಬ್ರೆಕ್ಟ್ ಕುಟುಂಬದ ಅಂಗಡಿಯಿಂದ ಬೆಳೆದ ಆಲ್ಡಿ, ಅದರ ಪ್ರತಿಸ್ಪರ್ಧಿ ಲಿಡ್ಲ್, ಎರಡೂ ಬಹುತೇಕ ಊರುಗಳಲ್ಲಿ ಸಿಗುತ್ತವೆ. ಹಾಲು, ಮೊಸರು, ಅಕ್ಕಿ, ಹಿಟ್ಟು, ತರಕಾರಿಗಳನ್ನು ಅವುಗಳ ಸ್ವಂತ ಬ್ರಾಂಡಿನಲ್ಲೇ ಕೊಳ್ಳಲಿ. ಕಪಾಟಿನ ಚೀಟಿಯಲ್ಲೇ ಪ್ರತಿ ಕಿಲೋ, ಪ್ರತಿ ಲೀಟರ್ ಬೆಲೆ ಇರುವುದರಿಂದ ಹೋಲಿಕೆ ನಮ್ಮಲ್ಲಿಗಿಂತ ಸುಲಭ. ಭಾನುವಾರ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡಬೇಕು. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳಿಗೆ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ. ಖಾಲಿಯಾದದ್ದನ್ನು ಮಳಿಗೆಯ ಯಂತ್ರಕ್ಕೆ ಹಾಕಿದರೆ ಹಣ ವಾಪಸು ಬರುತ್ತದೆ. ತೊಗರಿಬೇಳೆ, ಸಾಸಿವೆ, ಕರಿಬೇವಿಗೆ ಭಾರತೀಯ ಅಥವಾ ಏಷ್ಯನ್ ಅಂಗಡಿಗೆ ಹೋಗಬೇಕು. ಸಾರಿನ ಪುಡಿಯನ್ನು ನೀವೇ ಮಾಡಿ ಕಳುಹಿಸಿ.

ಪ್ರಶ್ನೆ: ಕಪಾಟಿನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು. ಮನೆಗೆ ಬಂದ ಮೇಲೆ ಗೊತ್ತಾದರೆ ಏನು ಮಾಡಬಹುದು?
— ಓದುಗರು, ಬಳ್ಳಾರಿ

ಉತ್ತರ: ಕೌಂಟರ್ ಬಿಡುವ ಮೊದಲೇ ಬಿಲ್ಲನ್ನು ಓದುವುದು ಒಳ್ಳೆಯದು, ರಿಯಾಯಿತಿ ಇರುವ ಸಾಮಾನುಗಳ ಬೆಲೆಯನ್ನು ಕೊಳ್ಳುವಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ವಾದಕ್ಕೆ ಎಡೆಯಿರುವುದಿಲ್ಲ. ಮನೆಗೆ ಬಂದ ಮೇಲೆ ತಿಳಿದರೆ ಬಿಲ್ಲು ಮತ್ತು ಪೊಟ್ಟಣದೊಂದಿಗೆ ಮಳಿಗೆಯ ವ್ಯವಸ್ಥಾಪಕರನ್ನು ಕಾಣಿರಿ. ಎಂಆರ್‌ಪಿಗಿಂತ ಹೆಚ್ಚು ವಸೂಲಿ ಮಾಡಿದ್ದರೆ ಜಿಲ್ಲೆಯ ಕಾನೂನು ಮಾಪನ ಇಲಾಖೆಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೂ ದೂರು ದಾಖಲಿಸಿಕೊಂಡು ಸಂಖ್ಯೆಯೊಂದನ್ನು ಕೊಡುತ್ತಾರೆ. ಹಣ ಕೈಸೇರುವವರೆಗೆ ಆ ಸಂಖ್ಯೆಯನ್ನೂ ಮೂಲ ಬಿಲ್ಲನ್ನೂ ಜೋಪಾನವಾಗಿಡಿ.