ಮೊದಲು ಮ್ಯಾಟ್ ಎತ್ತಿ ನೋಡಿ: ಹಳೇ ಕಾರಿನ ಪ್ರಶ್ನೋತ್ತರ

ಪ್ರಶ್ನೆ: ನಮ್ಮೂರಲ್ಲೇ 1997ರ ಮಾರುತಿ 800 ಒಂದು ಮಾರಾಟಕ್ಕಿದೆ. ಭಾನುವಾರಗಳಲ್ಲಿ ನಾನೇ ಬಿಚ್ಚಿ, ಜೋಡಿಸಿ ಕೆಲಸ ಕಲಿಯಬೇಕು ಅಂತ ಆಸೆ. ಇಂಜಿನ್ ಸದ್ದೇ ಇಲ್ಲ, ಹೊಸ ಪೇಂಟ್ ಬೇರೆ ಆಗಿದೆ. 60 ಸಾವಿರ ಹೇಳುತ್ತಿದ್ದಾರೆ. ತಗೊಳ್ಳಬಹುದಾ?
– ಓದುಗರು, ಕುಂದಾಪುರ

ಉತ್ತರ: ಕಲಿಯೋಕೆ ಇದಕ್ಕಿಂತ ಒಳ್ಳೆಯ ಕಾರು ನನಗೆ ಗೊತ್ತಿಲ್ಲ. ಮೂರು ಸಿಲಿಂಡರ್, 796 ಸಿಸಿ, ಪೆಟ್ರೋಲ್‌ಗೆ ಗಾಳಿ ಬೆರೆಸೋಕೆ ಹಳೇ ಕಾಲದ ಕಾರ್ಬುರೇಟರ್. ಬಾನೆಟ್ ಎತ್ತಿದರೆ ಎಲ್ಲವೂ ಕೈಗೆ ಸಿಗುತ್ತದೆ. 1983ರ ಡಿಸೆಂಬರ್‌ನಲ್ಲಿ ಶುರುವಾಗಿ 2014ರ ಜನವರಿವರೆಗೆ ತಯಾರಾದ ಗಾಡಿ. ಹಾಗಾಗಿ ಸಾಮಾನಿಗೆ ಅಷ್ಟೊಂದು ಪರದಾಟವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು ಹುಡುಕಿ, ಸಿಗದಿದ್ದರೆ ಗುಜರಿ ಅಂಗಡಿ ಇದ್ದೇ ಇದೆ.

ಆದರೆ ನಿಮ್ಮ ಪತ್ರದಲ್ಲಿ ಎರಡು ಮಾತು ಓದಿ ನನಗೆ ಹೆದರಿಕೆಯಾಯಿತು. ಒಂದು ಕುಂದಾಪುರ, ಇನ್ನೊಂದು ಹೊಸ ಪೇಂಟ್. ಕಡಲ ಗಾಳಿಯಲ್ಲಿ ಉಪ್ಪು, ಮೇಲಿಂದ ನಾಲ್ಕು ತಿಂಗಳ ಮಳೆ. ಆ ತುಕ್ಕನ್ನು ಹೊಸ ಪೇಂಟ್ ಮುಚ್ಚಿಬಿಡುತ್ತದೆ. ಇಂಜಿನ್ ಕೆಟ್ಟರೆ ಇಳಿಸಿ ಸರಿ ಮಾಡಬಹುದು. ತಗಡನ್ನೇ ತುಕ್ಕು ತಿಂದಿದ್ದರೆ ಟಿಂಕರಿಂಗ್‌ಗೆ ಹಾಕುವ ದುಡ್ಡಲ್ಲಿ ಇನ್ನೊಂದು 800 ಬರುತ್ತದೆ.

ನನ್ನ ಮೊದಲ 800 ಕೂಡ ಹೀಗೇ ಮಿರಿಮಿರಿ ಮಿಂಚುತ್ತಿತ್ತು. ತಂದ ವರ್ಷವೇ ಜೋರು ಮಳೆಯಲ್ಲಿ ಆಗುಂಬೆ ಘಾಟಿ ಹತ್ತಿ ಬರುವಾಗ ಎಡಗಾಲಿನ ಸಾಕ್ಸ್ ಒದ್ದೆಯಾಯಿತು. ಮನೆಗೆ ಬಂದು ಮ್ಯಾಟ್ ಎತ್ತಿದೆ. ಕೆಳಗೆ ಕಪ್ಪಗೆ, ದಪ್ಪಗೆ ಡಾಂಬರಿನ ಹಾಗೆ ಏನೋ ಬಳಿದಿದ್ದರು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ಹಪ್ಪಳ ಮುರಿದ ಹಾಗೆ ಚರಕ್ ಅಂತ ಒಳಗೆ ಇಳಿಯಿತು. ತೂತಿನಲ್ಲಿ ನಮ್ಮ ಅಂಗಳದ ಕೆಂಪು ಮಣ್ಣು ಕಾಣುತ್ತಿತ್ತು. ಮಾರಿದವರಿಗೆ ಇದು ಗೊತ್ತಿತ್ತು, ಹೇಳಲಿಲ್ಲ. ಅವತ್ತು ನನಗಾದ ಸಂಕಟ ನಿಮಗೆ ಬೇಡ.

ಹಾಗಾಗಿ ಮೊದಲು ಮ್ಯಾಟ್ ಎತ್ತಿಸಿ. ಎತ್ತೋಕೆ ಬಿಡಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಬ್ಯಾಟರಿ ತೆಗೆದು ಅದರ ಅಡಿಯ ತಗಡು ನೋಡಿ, ಆಸಿಡ್ ತುಳುಕಿ ಅಲ್ಲಿ ಬೇಗ ತಿನ್ನುತ್ತದೆ. ಡಿಕ್ಕಿಯ ತಳ ನೋಡಿ. ಬಾಗಿಲಿನ ಕೆಳ ಅಂಚನ್ನು, ಚಕ್ರದ ಮೇಲಿನ ಕಮಾನನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ತಗಡಾದರೆ ಟಣ್ ಅನ್ನುತ್ತದೆ, ಪುಟ್ಟಿ ತುಂಬಿದ್ದರೆ ದಪ್ ಅನ್ನುತ್ತದೆ. ಅನುಮಾನ ಬಂದ ಕಡೆ ಸಣ್ಣ ಅಯಸ್ಕಾಂತ ಹಿಡಿಯಿರಿ. ದಪ್ಪ ಪುಟ್ಟಿಯ ಮೇಲೆ ಅದು ನಿಲ್ಲುವುದಿಲ್ಲ.

ಇಂಜಿನ್ ನೋಡಲು ಬೆಳಿಗ್ಗೆಯೇ ಹೋಗಿ. ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿಡಿ, ತಣ್ಣಗಿರುವ ಇಂಜಿನ್ನನ್ನೇ ನೋಡಬೇಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಅದಕ್ಕೆ ಬೆಲೆ ಇಳಿಸಿ ಕೇಳಿ, ಕಾರು ಬಿಡಬೇಡಿ. ನೀವು ಕಲಿಯಬೇಕು ಅಂದಿದ್ದೇ ಆ ಕೆಲಸ, ಅಲ್ವಾ? ತಳ ಹೋಗಿದ್ದರೆ ಮಾತ್ರ ಎಷ್ಟೇ ಅಗ್ಗ ಮಾಡಿದರೂ ಬೇಡ.

ಇನ್ನು ಆರ್‌ಸಿ, ಅಂದರೆ ನೋಂದಣಿ ಪತ್ರ. 1997ರ ಗಾಡಿಗೆ ಮೊದಲ 15 ವರ್ಷ 2012ಕ್ಕೆ ಮುಗಿದಿದೆ. ಆಮೇಲೆ 5 ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ) ಮಾಡಿಸಿ ನವೀಕರಿಸಬೇಕು. ಎಲ್ಲಿಯವರೆಗೆ ಇದೆ ಅಂತ ತಾರೀಕು ನೋಡಿ. ತಗಡಿನ ಮೇಲೆ ಒತ್ತಿದ ಚಾಸಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಂಕಿ ಓದಿ ತಾಳೆ ಹಾಕಿ.

ಪ್ರಶ್ನೆ: ದೆಹಲಿಯಲ್ಲಿ ಡೀಸೆಲ್ ಕಾರು ಇಲ್ಲಿಗಿಂತ ತುಂಬಾ ಅಗ್ಗ. ತರಿಸಿಕೊಳ್ಳಲಾ?
– ಓದುಗರು, ಧಾರವಾಡ

ಉತ್ತರ: ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಬೆಲೆ ಬಿದ್ದದ್ದು. ಆದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಹೊಸ ನಂಬರ್ ಆಗಬೇಕು, ಲೈಫ್ ಟ್ಯಾಕ್ಸ್ ಕಟ್ಟಬೇಕು. ತರುವ ಖರ್ಚು ಬೇರೆ. ಎಲ್ಲ ಕೂಡಿಸಿ ಬರೆದು ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಇದ್ದರೆ, ಅದನ್ನು ತೆಗೆಸುವವರೆಗೆ ಒಂದು ರೂಪಾಯಿಯೂ ಕೊಡಬೇಡಿ.

ಪ್ರಶ್ನೆ: ಅಜ್ಜನ ಪ್ರೀಮಿಯರ್ ಪದ್ಮಿನಿ ತಿಂಗಳಿಗೊಮ್ಮೆ ಓಡಿಸುತ್ತೇನೆ. ಬ್ಯಾಟರಿ ಹೊಸದು, ಆದರೂ ಸೆಲ್ಫ್ ಹೊಡೆದು ಹೊಡೆದು ಸಾಕಾಗುತ್ತದೆ. ಮಾರಿಬಿಡಿ ಅನ್ನುತ್ತಾರೆ ಮನೆಯಲ್ಲಿ.
– ಓದುಗರು, ಮೈಸೂರು

ಉತ್ತರ: ದಯವಿಟ್ಟು ಮಾರಬೇಡಿ. ಇದು ರೋಗವೇ ಅಲ್ಲ. ತಿಂಗಳು ನಿಂತರೆ ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಹೋಗುತ್ತದೆ. ಇಂಜಿನ್ ತಿರುಗಿದರೆ ಮಾತ್ರ ಪಂಪ್ ಮತ್ತೆ ಪೆಟ್ರೋಲ್ ಎಳೆಯುತ್ತದೆ. ಒಂದೇ ಸಮನೆ ಸೆಲ್ಫ್ ಹೊಡೆದರೆ ಹೊಸ ಬ್ಯಾಟರಿಯೂ ಸುಸ್ತಾಗುತ್ತದೆ. ಚೋಕ್ ಪೂರ್ತಿ ಎಳೆಯಿರಿ. ಐದು ಸೆಕೆಂಡ್ ಹೊಡೆಯಿರಿ, ಅರ್ಧ ನಿಮಿಷ ಬಿಡಿ. ನಾಲ್ಕೈದು ಸಲ ಮಾಡಿದರೂ ಹತ್ತದಿದ್ದರೆ ಪಂಪಿನ ಡಯಾಫ್ರಮ್ (ಪೆಟ್ರೋಲ್ ಎಳೆಯುವ ತೆಳು ಪೊರೆ) ಬಿಚ್ಚಿ ನೋಡಿಸಿ.

ತಿಂಗಳಿಗೊಮ್ಮೆ ಸಾಲದು, ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದವರೆಗೆ ಹೋಗಿ ಬನ್ನಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಜಾಸ್ತಿ. ಅದು ನೀರಿನಂಶ ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನೂ ಕೆಡಿಸುತ್ತದೆ. ಇವತ್ತೇ ಬಾನೆಟ್ ಎತ್ತಿ ಪೆಟ್ರೋಲ್ ಪೈಪನ್ನು ಎರಡು ಬೆರಳಲ್ಲಿ ಬಗ್ಗಿಸಿ ನೋಡಿ. ಬಗ್ಗಿದ ಕಡೆ ಕೂದಲೆಳೆಯಷ್ಟು ಬಿರುಕು ಕಂಡರೂ ಬದಲಿಸಿದ ಮೇಲೆಯೇ ಸ್ಟಾರ್ಟ್ ಮಾಡಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ ಹತ್ತೋಕೆ ಹೊತ್ತು ಬೇಕಿಲ್ಲ.